ವಿಭೂತಿ ಹಚ್ಚಿದ ಸೀಡಿ

ತಪ್ಪು ನನ್ನದೇ. ಅದನ್ನು ಮೊದಲಿಗೇ ಬರೆದುಬಿಡುತ್ತೇನೆ. ಓದುವವರು ಕೊನೆಯ ತನಕ ಯಾರ ತಪ್ಪು ಎಂದು ಹುಡುಕುತ್ತಾ ಕೂರುವುದು ಬೇಡ.

ನನ್ನ ಮಗಳು ಕಾಮಾಲೆಯಾಗಿ ತೀರಿಕೊಂಡಾಗ ಅವಳ ಕೂಸಿಗೆ ಒಂದೂವರೆ ವರ್ಷ. ಅಳಿಯನದು ಕಡೂರು. ಶಿವಗಣಾರಾಧನೆಯ ಊಟ ಮುಗಿದ ಸಂಜೆಯೇ ಕೂಸನ್ನು ನನ್ನ ಮಡಿಲಿಗೆ ಹಾಕಿ ಬೈಕ್ ಹತ್ತಿದ. ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ. ಆಗಲಿ, ಗಂಡಸು, ನಾನೇನೂ ಅನ್ನಲಿಲ್ಲ. ಕೂಸು ಅಮೃತಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲೇ ಬೆಳೆಯಿತು. ಈಗ ಮೂರನೇ ಕ್ಲಾಸು. ನನ್ನ ಪಕ್ಕದಲ್ಲೇ ಮಲಗುತ್ತದೆ, ನಿದ್ದೆಯಲ್ಲಿ ಒದೆಯುತ್ತದೆ.

ಹೋದ ವರ್ಷ ತರೀಕೆರೆ ಕೋರ್ಟಿನಿಂದ ನನ್ನ ಹೆಸರಿಗೆ ನೋಟೀಸು ಬಂತು. ಅಳಿಯನ ಎರಡನೆಯ ಹೆಂಡತಿಗೆ ಮಕ್ಕಳಾಗಲಿಲ್ಲವಂತೆ. ಈಗ ಅವನಿಗೆ ಮಗಳು ಬೇಕಾಗಿದ್ದಾಳೆ. ನಾನು ಕೂಸನ್ನು ಬಲವಂತವಾಗಿ ಇಟ್ಟುಕೊಂಡಿದ್ದೇನೆ, ನನಗೆ ವಯಸ್ಸಾಗಿದೆ, ಓದು ಬರಹ ಸಾಲದು, ಬಾಯಿ ಸರಿಯಿಲ್ಲ, ಕೂಸನ್ನು ಹೊತ್ತಿಗೊಂದು ಬೈಗುಳ ಬೈದು ಸಾಕುತ್ತಿದ್ದೇನೆ ಎಂದು ಬರೆಸಿದ್ದ. ಓದು ಸಾಲದು ಎನ್ನುವುದು ನಿಜ, ನಾಲ್ಕನೇ ಕ್ಲಾಸಿಗೆ ಬಿಟ್ಟವಳು ನಾನು. ಬಾಯಿಯ ವಿಷಯವೂ ಪೂರಾ ಸುಳ್ಳಲ್ಲ. ಬಲವಂತ ಎನ್ನುವುದೊಂದೇ ಸುಳ್ಳು.

ಮನೆಯಲ್ಲಿ ಮಗ ಸೊಸೆ ಇದ್ದಾರೆ. ಆದರೂ ನೋಟೀಸು ನನ್ನ ಹೆಸರಿನದು ಎಂದು ಓಡಾಟವನ್ನು ನಾನೇ ಇಟ್ಟುಕೊಂಡೆ. ತರೀಕೆರೆಯಲ್ಲಿ ಒಬ್ಬ ಹೆಂಗಸು ವಕೀಲರನ್ನು ಹಿಡಿದೆವು. ಅವರು ಕಾಗದ ತಿರುವಿ ಹಾಕುತ್ತಾ ಕೇಳಿದರು.

"ಅಜ್ಜಿ, ಮಗು ಬೇಡ ಅಂತ ಅವರು ಯಾವತ್ತಾದ್ರೂ ಬರೆದುಕೊಟ್ಟಿದ್ದಾರಾ?"

"ಬರೆದುಕೊಡಾಕೆ ಅವ್ನೇನು ಶ್ಯಾನುಭೋಗನಾ? ಫೋನಲ್ಲಿ ಹೇಳ್ದ."

"ಫೋನಲ್ಲಿ ಹೇಳಿದ್ದನ್ನ ಕೋರ್ಟಿಗೆ ಹೆಂಗೆ ತೋರಿಸ್ಲಿ? ಯಾವ ಫೋನು?"

ಸೊಂಟದ ಚೀಲದಿಂದ ನನ್ನ ಗುಂಡಿ ಫೋನ್ ತೆಗೆದುಕೊಟ್ಟೆ. ಅವರು ಅದನ್ನು ಒತ್ತಿ ಒತ್ತಿ ನೋಡಿ ಒಮ್ಮೆಲೇ ನೆಟ್ಟಗೆ ಕೂತರು. ನಾನು ಆಡಿದ ಮಾತೆಲ್ಲ ಅದರೊಳಗಿನ ಕಾರ್ಡಿನಲ್ಲಿ ತಾನೇ ತಾನಾಗಿ ತುಂಬಿಕೊಂಡಿದೆಯಂತೆ. ಹಾಲಿನವನಿಗೆ ನೀರು ಬೆರೆಸಿದ್ದಕ್ಕೆ ಬೈದದ್ದು, ಬೀರೂರಿನ ನಾದಿನಿಯ ಜೊತೆ ಸೊಸೆಯ ಮೇಲೆ ಹೇಳಿದ್ದು, ಎಲ್ಲ. ಐದು ವರ್ಷದ ನನ್ನ ನಾಲಿಗೆ ಅಲ್ಲಿ ಕೂತಿತ್ತು. ಹುಡುಕುತ್ತಾ ಹುಡುಕುತ್ತಾ ಆ ದಿನದ್ದೂ ಸಿಕ್ಕಿತು.

ಕೂಸನ್ನು ಅಂಗನವಾಡಿಗೆ ಸೇರಿಸಲು ಜನನ ಪತ್ರ ಬೇಕಾಗಿತ್ತು. ಅದಕ್ಕೆಂದು ಅವನಿಗೆ ಫೋನ್ ಮಾಡಿದ್ದೆ. ಅವನು ನಾಳೆ ಎಂದ, ನಾಡಿದ್ದು ಎಂದ. ನನ್ನ ತಲೆ ಕೆಟ್ಟಿತು. ನಾಲ್ಕು ನಿಮಿಷ ಒಂದೇ ಉಸಿರಿಗೆ ಅವನ ವಂಶವನ್ನೆಲ್ಲ ತೊಳೆದಿದ್ದೇನೆ. ಕೊನೆಗೆ ಅವನು, "ಆಯ್ತು ಬಿಡಿ ಅತ್ತೆ. ಆ ಕೂಸು ನಿಮ್ಗೇ ಇರ್ಲಿ, ನಂಗೆ ಬೇಡ. ಇನ್ಮೇಲೆ ಈ ವಿಷ್ಯಕ್ಕೆ ಫೋನ್ ಮಾಡ್ಬೇಡಿ" ಎಂದು ಇಟ್ಟಿದ್ದಾನೆ.

ವಕೀಲಮ್ಮ ಆ ಕೊನೆಯ ಮಾತನ್ನು ಎರಡು ಸಲ ಕೇಳಿದರು. "ಅಜ್ಜಿ, ಕೇಸ್ ಇಲ್ಲೇ ಐತೆ. ಇದನ್ನ ಒಂದು ಸೀಡಿಗೆ ಹಾಕಿಸಿ. ವಾಯಿದೆ ದಿನ ಕೊಡೋಣ" ಎಂದರು. ಅಷ್ಟು ಸುಲಭ ಎಂದುಕೊಂಡೆ.

ಆದರೆ ಸೀಡಿ ಹಾಕುವ ಕಂಪ್ಯೂಟರೇ ಈಗ ಯಾರಲ್ಲೂ ಇಲ್ಲ. ಹೊಸದಕ್ಕೆಲ್ಲ ಆ ಬಾಯಿಯನ್ನೇ ಇಟ್ಟಿಲ್ಲವಂತೆ. ಅಲ್ಲಿ ಇಲ್ಲಿ ಕೇಳಿ ಕೊನೆಗೆ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಹಳೆಯ ಕಂಪ್ಯೂಟರ್ ಸಿಕ್ಕಿತು. ಅಂಗಡಿಯವನು ನನ್ನ ಫೋನಿಗೇ ವೈರ್ ಸಿಕ್ಕಿಸಿ, ಅಲ್ಲಿಂದಲೇ ಸೀಡಿಗೆ ಬಿಟ್ಟ. ಬಿಟ್ಟವನು ಸುಮ್ಮನಿದ್ದನೇ? ಒಬ್ಬನಿಗೆ ಪಹಣಿ ತೆಗೆದುಕೊಟ್ಟ, ಇನ್ನೊಬ್ಬಳಿಗೆ ಜಾತಿ ಆದಾಯದ ಅರ್ಜಿ ತುಂಬಿದ, ನಡುವೆ ಕ್ರಿಕೆಟ್ಟನ್ನೂ ನೋಡಿದ. ಯಾರೋ ಬಗ್ಗಿ ಕಾಗದ ಎತ್ತಿಕೊಳ್ಳುವಾಗ ವೈರಿಗೆ ಕೈ ತಗುಲಿತು. ಕಂಪ್ಯೂಟರ್ ಕುಂಯ್ ಎಂದು ಸೀಡಿಯನ್ನು ಹೊರಕ್ಕೆ ತಳ್ಳಿತು.

"ಎರರ್ ಬಂತು ಕಣಜ್ಜಿ."

"ಹಂಗಂದ್ರೆ?"

"ಸೀಡಿ ಹಾಳಾಯ್ತು. ಇನ್ನೊಂದು ಹಾಕ್ತೀನಿ ತಡೀರಿ."

"ಇದ್ರಲ್ಲೇ ಅಳಿಸಿ ಬರಿಯಪ್ಪಾ."

"ಅಳಿಸಾಕೆ ಬರಲ್ಲ. ಒಂದ್ಸಲ ಬರದ್ರೆ ಮುಗೀತು."

ಅದು ನನಗೆ ಅರ್ಥವಾಯಿತು. ನನ್ನ ಕೈಯ ಮೇಲೂ ಒಂದು ಬಳ್ಳಿಯ ಹಚ್ಚೆ ಇದೆ. ಚುಚ್ಚುವವಳು ಸೀನಿದ್ದರಿಂದ ಎಲೆಯ ತುದಿ ಸೊಟ್ಟಗಾಗಿದೆ. ಇನ್ನು ಗುಣಿಗೂ ಅದರ ಜೊತೆಗೇ ಹೋಗಬೇಕು. ಎರಡನೆಯ ಸೀಡಿಯೂ ಹಾಗೇ ಹೋಯಿತು. ಅಂಗಡಿಯವನು ಕಾರ್ಡು ಸರಿಯಿಲ್ಲ ಎಂದ, ಫೋನು ಸರಿಯಿಲ್ಲ ಎಂದ. ನೀನೇ ಸರಿಯಿಲ್ಲ ಎಂದೆ. ಅವನೇನೂ ಬೇಜಾರು ಮಾಡಿಕೊಳ್ಳದೆ, "ಅಜ್ಜಂಪುರದಲ್ಲಿ ಮದುವೆ ವಿಡಿಯೋ ತೆಗೀತಿದ್ದ ಸ್ಟುಡಿಯೋದೋರು ಒಬ್ರು ಅವ್ರೆ, ಅವ್ರ ಕೈಲಿ ಆದ್ರೆ ಆಯ್ತು" ಎಂದು ದಾರಿ ಹೇಳಿದ.

ಮಾರನೆಯ ದಿನ ಕೂಸನ್ನು ಸ್ಕೂಲಿಗೆ ಕಳಿಸಿ ಅಜ್ಜಂಪುರದ ಬಸ್ಸು ಹತ್ತಿದೆ. ಸ್ಟುಡಿಯೋದವರು ಅರವತ್ತರ ಹತ್ತಿರದ ಮನುಷ್ಯ, ಮಾತು ಕಮ್ಮಿ. ಒಂದು ಕಾಲಕ್ಕೆ ಆ ಸುತ್ತಿನ ಮದುವೆಗಳನ್ನೆಲ್ಲ ಸೀಡಿ ಮಾಡಿ ಹಂಚಿದವರು. ಈಗ ಪಾಸ್‌ಪೋರ್ಟ್ ಫೋಟೋ ಮತ್ತು ನಾಮಕರಣ. ನನ್ನ ಕಥೆ ಕೇಳಿ, ಎದ್ದು ಬಾಗಿಲು ಅರ್ಧ ಎಳೆದರು. ಲೈನ್‌ಮ್ಯಾನಿಗೆ ಫೋನ್ ಮಾಡಿ, "ಏನಪ್ಪಾ, ಹನ್ನೆರಡರ ತಂಕ ಕರೆಂಟ್ ತೆಗಿಯಲ್ಲ ತಾನೆ?" ಎಂದು ಕೇಳಿಕೊಂಡರು. ಆಮೇಲೆ ಕಂಪ್ಯೂಟರಿನಿಂದ ಇಂಟರ್‌ನೆಟ್ ವೈರ್ ಕಿತ್ತರು. ತೆರೆದಿದ್ದನ್ನೆಲ್ಲ ಒಂದೊಂದಾಗಿ ಮುಚ್ಚಿದರು. ಫೋನಿನಿಂದ ಕಾರ್ಡನ್ನು ಬೇರೆ ಮಾಡಿ, ಒರೆಸಿ, ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಸಣ್ಣ ಡಬ್ಬಿಗೆ ಹಾಕಿದರು.

"ನೇರ ಫೋನಿಂದ ಸೀಡಿಗೆ ಬಿಡಬಾರ್ದಮ್ಮ. ಮೊದ್ಲು ಕಂಪ್ಯೂಟರ್ ಒಳಗೆ ಇಳಿಸ್ಕೋಬೇಕು. ಆಮೇಲೆ ಅಲ್ಲಿಂದ ಸೀಡಿಗೆ."

"ಯಾಕೆ?"

"ಸೀಡಿ ಬರೀವಾಗ ಒಳಗಿಂದ ಮಾಲು ಒಂದೇ ಸಮ ಬತ್ತಾ ಇರ್ಬೇಕು. ಕ್ಷಣ ನಿಂತ್ರೂ ಅಲ್ಲಿಗೇ ಕಿತ್ತೋಯ್ತದೆ. ಅದಕ್ಕೇ ಬರೀತಿರೋವಾಗ ಬೇರೆ ಕೆಲಸ ಕೊಡಬಾರ್ದು. ಸ್ಪೀಡೂ ಇಡಬಾರ್ದು. ಅವಸರ ಮಾಡಿದೋನಿಗೆ ಸೀಡಿ ಬರಲ್ಲ."

ಶ್ಯಾವಿಗೆ ಒತ್ತುವುದೂ ಹೀಗೇ. ಬೆಂದ ಉಂಡೆಯನ್ನು ಒಬ್ಬಳು ಬಿಸಿ ಆರದಂತೆ ಹಾಕುತ್ತಿರಬೇಕು, ಇನ್ನೊಬ್ಬಳು ಕೈ ಬಿಡದೆ ಒತ್ತುತ್ತಿರಬೇಕು. ಹಾಕುವವಳು ಬಾಗಿಲಲ್ಲಿ ಯಾರು ಬಂದರು ಎಂದು ತಿರುಗಿದರೆ ಎಳೆ ಕಿತ್ತುಹೋಗುತ್ತದೆ. ನಮ್ಮ ಮನೆಯಲ್ಲಿ ಒತ್ತುತ್ತಿದ್ದವಳು ಮಗಳು. ಅವಳು ಹೋದ ಮೇಲೆ ಎರಡೂ ಕೆಲಸ ನಾನೇ ಮಾಡುತ್ತೇನೆ, ಎಳೆ ತುಂಡಾಗುತ್ತದೆ, ಕೂಸು ಅದನ್ನೇ ತಿನ್ನುತ್ತದೆ.

ಕಾರ್ಡು ಮೊದಲ ಸಲ ತೆರೆಯಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಅವರು ಉಸಿರು ಬಿಗಿಹಿಡಿದು ಕೂತರು, ನಾನೂ ಹಿಡಿದೆ. ಇಳಿಯಿತು. ಇಳಿದ ಮೇಲೆ ಆ ಕಾರ್ಡು ಮತ್ತೆ ಬಾಯಿ ಬಿಡಲಿಲ್ಲ. "ಸತ್ತೋಯ್ತು ಬಿಡಿ, ಆದ್ರೆ ನಿಮ್ಮ ಮಾತು ಈಚೆ ಬಂದ್ಬಿಡ್ತು" ಎಂದರು. ಅವರ ಹತ್ತಿರ ಇದ್ದ ಖಾಲಿ ಸೀಡಿಗಳಲ್ಲಿ ಬೂಷ್ಟು ಹಿಡಿಯದೆ ಉಳಿದಿದ್ದು ಒಂದೇ ಒಂದು. ಅದನ್ನು ಅಂಚಿನಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿ, ಒಳಗಿಟ್ಟರು.

ಅಷ್ಟರಲ್ಲಿ ಚೌಳಹಿರಿಯೂರಿನ ಕಡೆಯ ಒಬ್ಬ ಗೌಡರು ಫೋಟೋ ತೆಗೆಸಲು ಬಂದರು.

"ಕೂತ್ಕಳಿ ಗೌಡ್ರೇ, ಈಗ ಮಿಷಿನ್ ಮುಟ್ಟಂಗಿಲ್ಲ."

"ಏನ್ರೀ, ಮಿಷಿನ್ನ ಬಸುರಿ ಬಾಣಂತಿ ಥರ ನೋಡ್ಕಂತೀರಲ್ಲ."

"ಮೇಜಿಗೆ ಒರಗ್‌ಬೇಡಿ ಅಷ್ಟೇ."

ಗೌಡರು ಮೇಜು ಬಿಟ್ಟು ಗೋಡೆಗೆ ಒರಗಿದರು. ಮೂವರೂ ಪರದೆಯ ಮೇಲೆ ಹಸಿರು ಪಟ್ಟಿ ತುಂಬುವುದನ್ನು ನೋಡುತ್ತಾ ಕೂತೆವು. ನನ್ನ ಕೂಸು ಯಾರ ಮನೆಯಲ್ಲಿ ಬೆಳೆಯಬೇಕು ಎನ್ನುವುದು ಆ ಪಟ್ಟಿಯೊಳಗೆ ತೆವಳುತ್ತಿತ್ತು. ನಾನು ಮಾಡುವುದಕ್ಕೆ ಏನೂ ಇರಲಿಲ್ಲ. ಒಲೆಯ ಮುಂದಾದರೆ ಊದಬಹುದು.

ಆಯಿತು. ಸ್ಟುಡಿಯೋದವರು ಸೀಡಿ ತೆಗೆದು, ಮತ್ತೆ ಹಾಕಿ, ಸರಿಯಾಗಿ ಬಂದಿದೆಯೋ ಎಂದು ಪೂರ್ತಿ ಹಾಡಿಸಿದರು. ಮದುವೆ ಮನೆಗೆ ಇಡುವಂಥ ದೊಡ್ಡ ಸ್ಪೀಕರು ಅವರದು. "ನಿನ್ನ ಮನೆ ಎಕ್ಕುಟ್ಟೋಗ, ನಿನ್ನ ಬಾಯಿಗೆ ಮಣ್ಣಾಕ" ಎಂದು ನನ್ನ ದನಿ ಬೀದಿಯ ತನಕ ಹೋಯಿತು. ಆಚೆಯ ಟೀ ಅಂಗಡಿಯವರು ಇತ್ತ ತಿರುಗಿದರು.

ಗೌಡರು ಕಣ್ಣರಳಿಸಿ, "ಅಬ್ಬಬ್ಬಾ! ಯಾರ್ಗಮ್ಮ ಈ ಮಂಗಳಾರತಿ?" ಎಂದರು.

"ನಮ್ಮ ಅಳಿಯಂಗೆ."

"ಪುಣ್ಯವಂತ. ನಮ್ಮತ್ತೆ ನಂಗೆ ಬರೀ ಕಾಫಿ ಕೊಟ್ಟು ಕಳಿಸಿಬಿಟ್ರು."

ಕೊನೆಯಲ್ಲಿ ಅವನ ಮಾತೂ ಬಂತು, 'ನಂಗೆ ಬೇಡ' ಎನ್ನುವುದು ಗಂಟೆ ಹೊಡೆದ ಹಾಗೆ ಕೇಳಿತು. ಆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೋರ್ಟಿನಲ್ಲಿ ಕೇಳಿದರೆ ಕೇಳಲಿ, ಅಜ್ಜಂಪುರದ ಬೀದಿ ಯಾಕೆ ಕೇಳಬೇಕು?

"ಇದ್ನ ನಿಮ್ಮ ಕಂಪ್ಯೂಟರಿಂದ ಅಳಿಸ್ಬಿಡಿ" ಎಂದೆ.

"ಇರ್ಲಿ ಬಿಡಮ್ಮ, ವಾಯಿದೆ ಮುಗಿಯೋ ತಂಕ. ಕಾರ್ಡು ಬೇರೆ ಸತ್ತೈತೆ, ಸೀಡಿ ಒಂದೇ. ನಾಳೆ ಹೆಚ್ಚು ಕಮ್ಮಿ ಆದ್ರೆ?"

"ನಾಳೆ ನೀವು ಇನ್ಯಾರಿಗೋ ಹಾಕಿ ತೋರ್ಸಿ ನಗಾಡಾಕಾ? ಅಳಿಸಿ ಅಂದ್ರೆ ಅಳಿಸಿ."

"ನಾನು ಅಂಥೋನಲ್ಲಮ್ಮ."

"ಅಲ್ದಿದ್ರೆ ಅಳಿಸೋಕೇನು ಕಷ್ಟ?"

ಆ ಮನುಷ್ಯ ನನ್ನ ಮುಖ ನೋಡಿ, ಇನ್ನು ವಾದ ಬೇಡ ಎಂದು ಅಳಿಸಿದರು. ಸೀಡಿಯ ಮೇಲೆ ಕರಿ ಪೆನ್ನಿನಲ್ಲಿ ಕೇಸಿನ ನಂಬರ್ ಬರೆದು, ಕಾಗದದ ಲಕೋಟೆಗೆ ಹಾಕಿ ಕೊಟ್ಟು, "ಹೊಳೆಯೋ ಕಡೆ ಬೆರಳಿಡಬೇಡಿ" ಎಂದರು. ಕೇಳಿಸಿಕೊಂಡೆ. ಬೆರಳು ಎಂದರೆ ಕೊಳೆ ಬೆರಳು ಎಂದುಕೊಂಡೆ.

ವಾಯಿದೆಗೆ ಇನ್ನೂ ಎಂಟು ದಿನವಿತ್ತು. ಆ ಎಂಟು ದಿನವೂ ಸೀಡಿ ದೇವರ ಮನೆಯಲ್ಲೇ ಇತ್ತು.

ನಮ್ಮ ಮನೆಯಲ್ಲಿ ಒಂದು ರೂಢಿ. ಕೆಲಸಕ್ಕೆಂದು ಹೊಸಿಲು ದಾಟುವ ಯಾವುದಕ್ಕೂ ಮೂರು ಬೆರಳು ವಿಭೂತಿ ಎಳೆಯದೆ ಕಳಿಸುವುದಿಲ್ಲ. ಮದುವೆಯ ಕರೆಯೋಲೆಗೆ, ಬಿತ್ತನೆ ಬೀಜದ ಚೀಲಕ್ಕೆ, ಮಗನ ಟ್ರ್ಯಾಕ್ಟರಿಗೆ, ಕೂಸಿನ ಮಾರ್ಕ್ಸ್ ಕಾರ್ಡಿಗೆ. ಕೋರ್ಟಿನ ಅಷ್ಟೂ ಕಾಗದದ ಮೂಲೆಯಲ್ಲಿ ನನ್ನ ಮೂರು ಗೆರೆ ಇವೆ. ವಕೀಲಮ್ಮ ನೋಡಿ ನಕ್ಕಿದ್ದರು, ಬೇಡ ಎಂದಿರಲಿಲ್ಲ.

ವಾಯಿದೆಯ ಬೆಳಿಗ್ಗೆ ಸ್ನಾನ ಮಾಡಿ, ಸೀಡಿಯನ್ನು ಲಕೋಟೆಯಿಂದ ತೆಗೆದೆ. ಒಂದು ಕಡೆ ಕರಿ ಪೆನ್ನಿನ ಬರಹ. ನೀರು ತಾಗಿದರೆ ನಂಬರ್ ಹರಡಿಕೊಳ್ಳುತ್ತದೆ, ಕೋರ್ಟಿನವರು ಓದುವುದು ಹೇಗೆ ಎಂದು ಯೋಚನೆ ಮಾಡಿದೆ. ಇಷ್ಟು ಯೋಚನೆ ಮಾಡುವ ಬುದ್ಧಿ ಇತ್ತು ನನಗೆ. ಇನ್ನೊಂದು ಕಡೆ ಕನ್ನಡಿಯ ಹಾಗೆ ಖಾಲಿ. ಗಟ್ಟಿ ವಿಭೂತಿಯನ್ನು ನೀರಲ್ಲಿ ತೇಯ್ದು, ನಡುವಿನ ತೂತಿನ ಪಕ್ಕಕ್ಕೇ, ಲಿಂಗಕ್ಕೆ ಹಚ್ಚುವ ಹಾಗೆ, ಒತ್ತಿ ಮೂರು ಗೆರೆ ಎಳೆದೆ. ಒಣಗಿತು. ಆಮೇಲೆ ಪುಡಿ ಉದುರಿ ವಕೀಲಮ್ಮನ ಕರಿ ಕೋಟು ಬೆಳ್ಳಗಾದೀತು ಎಂದು ಸೆರಗಿನ ತುದಿಯಿಂದ ತಟ್ಟೆ ಒರೆಸುವ ಹಾಗೆ ಸುತ್ತ ಸುತ್ತ ಗಸಗಸ ಒರೆಸಿದೆ.

ಕೋರ್ಟಿನಲ್ಲಿ ನಮ್ಮ ನಂಬರ್ ಕೂಗಿದರು. ಅಳಿಯ ಆ ಕಡೆ, ನಾನು ಈ ಕಡೆ. ವಕೀಲಮ್ಮ ಸೀಡಿ ಕೊಟ್ಟರು. ಕಂಪ್ಯೂಟರಿಗೆ ಹಾಕಿದರು. ಅದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಏನೂ ಬರಲಿಲ್ಲ. ತೆಗೆದು ಮತ್ತೆ ಹಾಕಿದರು. ಬರಲಿಲ್ಲ. ಅಷ್ಟೇ. ಕೋರ್ಟಿನಲ್ಲಿ ಯಾರೂ ಕೂಗಾಡಲಿಲ್ಲ, ಯಾರೂ ಬೈಯಲಿಲ್ಲ. ಜಡ್ಜ್ ಸಾಹೇಬರು ಏನೋ ಬರೆದುಕೊಂಡು ಮುಂದಿನ ತಾರೀಕು ಕೊಟ್ಟರು. ನನ್ನ ಬಾಯಿ ಜೀವಮಾನದಲ್ಲಿ ಮೊದಲ ಸಲ ಒಣಗಿತ್ತು.

ಹೊರಗೆ ವರಾಂಡದಲ್ಲಿ ವಕೀಲಮ್ಮ ಸೀಡಿಯನ್ನು ಬೆಳಕಿಗೆ ಹಿಡಿದರು. "ಇದೇನಜ್ಜಿ ಇದು, ಬೆಳ್ಳಗೆ?"

"ವಿಭೂತಿ."

ಅವರು ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈಗೆ ಸೀಡಿ ಕೊಟ್ಟು, ಇನ್ನೊಂದು ಕೇಸಿಗೆ ಹೊರಟುಹೋದರು.

ನಾನು ಮನೆಗೂ ಹೋಗದೆ ಅಲ್ಲಿಂದಲೇ ಅಜ್ಜಂಪುರಕ್ಕೆ ಹೋದೆ. ಸ್ಟುಡಿಯೋದವರು ಸೀಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ತಣ್ಣೀರಲ್ಲಿ ತೊಳೆದರು. ಹತ್ತಿಯಿಂದ ಒಳಗಿನಿಂದ ಅಂಚಿಗೆ ನೆಟ್ಟಗೆ ಒರೆಸಿದರು. "ಸುತ್ತ ಒರೆಸ್ಬಾರ್ದಮ್ಮ, ಬರಹ ಸುತ್ತಕ್ಕೇ ಹೋಗಿರ್ತದೆ. ಗೀರೂ ಅದ್ರ ಜೊತೇಲೇ ಸುತ್ತೈತೆ."

"ಮೂರೇ ಗೆರೆ ಕಣಪ್ಪಾ."

"ಬರಹ ಶುರುವಾಗೋದೇ ತೂತಿನ ಪಕ್ಕದಿಂದ. ನಿಮ್ಮದು ಐದು ನಿಮಿಷದ ಮಾತು, ಬೆರಳಗಲನೂ ಇರ್ಲಿಲ್ಲ. ಮಿಕ್ಕಿದ್ದೆಲ್ಲ ಖಾಲಿ. ಅಂಚಿಗೆ ಹಚ್ಚಿದ್ರೂ ಏನೂ ಆಗ್ತಿರ್ಲಿಲ್ಲ."

ಇಡೀ ಸೀಡಿಯಲ್ಲಿ ಹಚ್ಚಬಾರದ ಜಾಗ ಬೆರಳಗಲ, ನಾನು ಹಚ್ಚಿದ್ದು ಅಲ್ಲೇ.

ಅಳಿಸಿದ್ದನ್ನು ಕಂಪ್ಯೂಟರಿನಲ್ಲಿ ಹುಡುಕಿದರು. ಆ ಎಂಟು ದಿನದಲ್ಲಿ ಎರಡು ನಾಮಕರಣದ ವಿಡಿಯೋ ಅದರ ಮೇಲೆ ಕೂತಿದ್ದವು. ಆಮೇಲೆ ಸೀಡಿಯನ್ನೇ ನಿಧಾನಕ್ಕೆ, ಬಹಳ ನಿಧಾನಕ್ಕೆ ಓದಿಸಲು ಕೂತರು. ಇಂಟರ್‌ನೆಟ್ ಕಿತ್ತರು, ಬಾಗಿಲು ಎಳೆದರು, ಎಲ್ಲ ಮೊದಲಿನ ಹಾಗೆಯೇ. ಕಂಪ್ಯೂಟರ್ ಮುದುಕರು ಕಫ ತೆಗೆಯುವ ಹಾಗೆ ಗೊರಗೊರ ಎನ್ನುತ್ತಿತ್ತು. ಕೊನೆಗೆ ಅರ್ಧ ಬಂತು.

ನನ್ನ ಅರ್ಧ. "ನಿನ್ನ ಮನೆ ಎಕ್ಕುಟ್ಟೋಗ" ಎನ್ನುವುದು ಒಂದಕ್ಷರ ಕೆಡದೆ ಬಂತು. ಅವನ ಅಪ್ಪ, ಅವನ ಅಜ್ಜ, ಅವನ ಎರಡನೆಯ ಹೆಂಡತಿ, ಎಲ್ಲರೂ ಬಂದರು. ಕೊನೆಗೆ ಅವನು ಬಾಯಿ ತೆರೆಯುವ ಮುಂಚೆ, ಗೀರು ಆಳವಾಗಿದ್ದ ಕಡೆ ಕಿರ್ ಎಂದು ನಿಂತಿತು. ಎಷ್ಟು ಸಲ ಓದಿಸಿದರೂ ಅಲ್ಲಿಗೇ ನಿಂತಿತು.

"ಇಷ್ಟೇನಾ?" ಎಂದೆ.

"ಇಷ್ಟೇ ಕಣಮ್ಮ" ಎಂದರು. ಅಳಿಸಲಾ ಇಡಲಾ ಎಂದು ಈ ಸಲ ಕೇಳಲಿಲ್ಲ. ನಾನೂ ಹೇಳಲಿಲ್ಲ.

ವಕೀಲಮ್ಮ ಅದನ್ನು ಕೇಳಿ, "ಇದನ್ನ ಕೊಟ್ರೆ ಅವರ ಕೇಸನ್ನ ನಾವೇ ಗೆಲ್ಲಿಸಿಕೊಟ್ಟಂಗೆ ಅಜ್ಜಿ. ಮುಚ್ಚಿಡಿ" ಎಂದರು. ಮುಂದಿನ ತಾರೀಕಿಗೆ ನಾನು ಕಟಕಟೆ ಹತ್ತಿ, ಅವನು ಹೀಗೆ ಹೇಳಿದ್ದ ಎಂದೆ. ಹೇಳಿಲ್ಲ ಎಂದು ಅವನು ಪ್ರಮಾಣ ಮಾಡಿದ. ಅವನ ಮುಖ ನೋಡಿದರೆ ಅವನಿಗೆ ನಿಜವಾಗಿಯೂ ಮರೆತುಹೋಗಿರಬೇಕು ಎನಿಸಿತು. ಅದಕ್ಕೆ ಏನು ಮಾಡುವುದು?

ಆಮೇಲೆ ಸಾಹೇಬರು ಕೂಸನ್ನು ಒಳಗಿನ ಕೋಣೆಗೆ ಒಬ್ಬಳನ್ನೇ ಕರೆಸಿಕೊಂಡರು. ಎರಡು ಜಡೆ ಹಾಕಿ, ಸ್ಕೂಲಿನ ಶೂ ಹಾಕಿಸಿ ಕರೆದುಕೊಂಡು ಹೋಗಿದ್ದೆ. ಬಾಗಿಲು ಮುಚ್ಚಿದರು. ನಾನು ವರಾಂಡದ ಬೆಂಚಿನ ಮೇಲೆ, ಅಳಿಯ ಎದುರಿನ ಕಂಬದ ಪಕ್ಕ. ಒಳಗಿನದು ಒಂದು ಮಾತೂ ಕೇಳಲಿಲ್ಲ. ಹೀಗೆ ಹೇಳು ಎಂದು ನಾನು ಕಲಿಸಿರಲಿಲ್ಲ. ವಕೀಲಮ್ಮನೇ ಬೇಡ ಎಂದಿದ್ದರು.

ಸುಮಾರು ಹೊತ್ತಾದ ಮೇಲೆ ಕೂಸು ಚಾಕಲೇಟ್ ಹಿಡಿದುಕೊಂಡು ಬಂತು. ಬಸ್‌ಸ್ಟ್ಯಾಂಡ್ ಸೇರುವ ತನಕ ತಡೆದುಕೊಂಡು ಕೇಳಿದೆ.

"ಏನ್ ಕೇಳಿದ್ರೇ?"

"ಯಾವ ಕ್ಲಾಸು ಅಂದ್ರು. ಅಜ್ಜಿ ಬೈತಾರಾ ಅಂದ್ರು."

"ನೀನೇನಂದೆ?"

"ಹ್ಞೂಂ, ದಿನಾ ಬೈತಾರೆ ಅಂದೆ."

"ಆಮೇಲೆ?"

"ಸಾಹೇಬ್ರು ನಕ್ರು. ಹೆಂಗ್ ಬೈತಾರೆ ಅಂದ್ರು. ಬೈದು ತೋರಿಸ್ದೆ."

ಏನು ಬೈದು ತೋರಿಸಿದಳು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಸು ಆರ್ಡರಿಗೆ ಇದೆ. ಬರುವ ತಿಂಗಳು ಹದಿನೇಳಕ್ಕೆ ತೀರ್ಪು ಹೇಳುತ್ತಾರಂತೆ. ಆ ದಿನ ಕೂಸಿನ ಬಟ್ಟೆಬರೆಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ಯಾವುದಕ್ಕೂ ಇರಲಿ ಎಂದಿದ್ದಾರೆ ವಕೀಲಮ್ಮ. ಚೀಲ ತೊಳೆದು ಒಣಗಿಸಿದ್ದೇನೆ. ಇನ್ನೂ ಏನನ್ನೂ ತುಂಬಿಲ್ಲ.